ಲೇಸರ್ ಚಿಕಿತ್ಸೆಯ ನಂತರ ಕಣ್ಣು ಕೆಂಪಾದರೆ ಹನಿ ಹಾಕಿಕೊಂಡು ಕಾಯುವುದು ಸಲ್ಲದು

ಮಾನ್ಯ ಸಂಪಾದಕರೇ,

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಯುವಕ ಯುವತಿಯರು ಬೆಂಗಳೂರಿಗೆ ಹೋಗಿ ಲೇಸರ್ ಚಿಕಿತ್ಸೆಯಿಂದ ಕನ್ನಡಕ ತೆಗೆಸಿಕೊಂಡು ಬರುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗರು, ಗಂಡಿನ ಕಡೆಯವರು ನೋಡಲು ಬರುವ ಮೊದಲೇ ಕನ್ನಡಕ ಹೋಗಲಿ ಎಂದು ಮನೆಯವರು ಕರೆದೊಯ್ಯುವ ಹೆಣ್ಣುಮಕ್ಕಳು, ಕಂಪನಿ ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುವ ಪದವೀಧರರು ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಹತ್ತು ಹದಿನೈದು ನಿಮಿಷದ ಕೆಲಸ, ಒಂದೆರಡು ದಿನದಲ್ಲಿ ಎಂದಿನಂತೆ ಓಡಾಡಬಹುದು ಎಂದು ಜಾಹೀರಾತುಗಳು ಹೇಳುವುದು ಬಹುಮಟ್ಟಿಗೆ ನಿಜವೇ. ಆದರೆ ಆ ನಂತರದ ಎರಡು ಮೂರು ತಿಂಗಳಲ್ಲಿ ಕಣ್ಣಿಗೆ ಸೋಂಕು ತಗುಲಿದರೆ ಅದನ್ನು ಗುರುತಿಸುವುದು ಹೇಗೆ, ಯಾರ ಬಳಿಗೆ ಎಷ್ಟು ಬೇಗ ಹೋಗಬೇಕು ಎಂಬ ತಿಳಿವಳಿಕೆ ನಮ್ಮ ತಾಲ್ಲೂಕುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿದ್ದು ನಿವೃತ್ತನಾದ ನಾನು ಆ ವಿಷಯವನ್ನು ಓದುಗರ ಮತ್ತು ಆರೋಗ್ಯ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ಚಿಕಿತ್ಸೆಯನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಎಕ್ಸೈಮರ್ ಲೇಸರ್ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಜೀವಂತ ಅಂಗಾಂಶವನ್ನು ಅತಿ ನವಿರಾಗಿ ತೆಗೆಯಬಲ್ಲದು ಎಂಬುದನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ವಿಜ್ಞಾನಿಗಳಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಕೂಡ ಒಬ್ಬರು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅಲ್ಲಿಂದೀಚೆಗೆ ಈ ವಿದ್ಯೆ ಬಹಳ ದೂರ ಬಂದಿದೆ. ದಪ್ಪ ಗಾಜಿನ ಕನ್ನಡಕವಿಲ್ಲದೆ ಎದುರಿಗಿರುವವರ ಮುಖ ಕಾಣದಿದ್ದವರು ಚಿಕಿತ್ಸೆಯ ಮರುದಿನ ಬಸ್ಸಿನ ಬೋರ್ಡು ಓದುವುದನ್ನು ನಾನೇ ಕಂಡಿದ್ದೇನೆ.

ಆದರೆ ಈ ಚಿಕಿತ್ಸೆ ನಡೆಯುವ ಜಾಗವನ್ನು ಸ್ವಲ್ಪ ತಿಳಿದುಕೊಂಡರೆ ಸೋಂಕಿನ ವಿಷಯದಲ್ಲಿ ಏಕೆ ಅಷ್ಟು ಎಚ್ಚರ ಬೇಕು ಎಂಬುದು ಅರ್ಥವಾಗುತ್ತದೆ. ಕರಿಗುಡ್ಡೆಯ ಮುಂಭಾಗದಲ್ಲಿರುವ ಪಾರದರ್ಶಕ ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಲ್ಯಾಸಿಕ್ ವಿಧಾನದಲ್ಲಿ ಅದರ ಮೇಲ್ಭಾಗದಿಂದ ಮಿಲಿಮೀಟರಿನ ಹತ್ತನೇ ಒಂದರಷ್ಟು ತೆಳುವಾದ ಪದರವನ್ನು ಬ್ಲೇಡಿನಿಂದಲೋ ಫೆಮ್ಟೊಸೆಕೆಂಡ್ ಲೇಸರಿನಿಂದಲೋ ಬಿಡಿಸಿ, ಪುಸ್ತಕದ ಹಾಳೆಯಂತೆ ಒಂದು ಬದಿಗೆ ಮಗುಚಿ, ಅಡಿಯ ಭಾಗವನ್ನು ಎಕ್ಸೈಮರ್ ಲೇಸರಿನಿಂದ ಬೇಕಾದ ಅಳತೆಗೆ ತಿದ್ದಿ, ಪದರವನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸುತ್ತಾರೆ, ಹೊಲಿಗೆ ಹಾಕುವುದಿಲ್ಲ. ಈ ಎರಡು ಪದರಗಳ ನಡುವೆ ಸೂಕ್ಷ್ಮಾಣು ಸೇರಿಕೊಂಡರೆ ಕಣ್ಣೀರು ಅದನ್ನು ತೊಳೆಯಲಾರದು, ಕಣ್ಣಿಗೆ ಹಾಕಿದ ಹನಿ ಔಷಧಿಯೂ ಅಲ್ಲಿಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ಇದರ ಜೊತೆಗೆ, ಪದರ ಬಿಡಿಸುವಾಗ ಕಾರ್ನಿಯಾದ ಸೂಕ್ಷ್ಮ ನರತಂತುಗಳು ಕತ್ತರಿಸಿಹೋಗುವುದರಿಂದ ಕೆಲವು ತಿಂಗಳ ಕಾಲ ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಬೇರೆಯವರ ಕಣ್ಣಿನಲ್ಲಿ ತಡೆಯಲಾರದ ನೋವು ತರುವ ಹುಣ್ಣು ಇವರ ಕಣ್ಣಿನಲ್ಲಿ ಬರೀ ಚುರುಚುರು ಎನಿಸಬಹುದು. ನೋವಿಲ್ಲವೆಂದು ಸುಮ್ಮನಿರುವ ರೋಗಿ ಅದೇ ಕಾರಣಕ್ಕೆ ಅಪಾಯದಲ್ಲಿರುತ್ತಾನೆ. ಪದರ ಬಿಡಿಸದೆ ಮೇಲ್ಮೈಯನ್ನೇ ಕೆರೆದು ಮಾಡುವ ಪಿಆರ್‌ಕೆ ವಿಧಾನದಲ್ಲಿ ಗಾಯ ಮಾಯುವ ತನಕ ಕಣ್ಣಿನ ಮೇಲೆ ಲೆನ್ಸ್ ಕೂರಿಸಿರುತ್ತಾರಾದ್ದರಿಂದ ಅಲ್ಲಿಯೂ ಮೊದಲ ಕೆಲವು ದಿನಗಳು ನಾಜೂಕಿನವೇ.

ಇಂಥ ಸೋಂಕು ಬಹಳ ವಿರಳ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸ್ಪೇನಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಲ್ಯಾಸಿಕ್ ಆದ 2,04,586 ಕಣ್ಣುಗಳ ಪೈಕಿ 72 ಕಣ್ಣುಗಳಲ್ಲಿ ಸೋಂಕು ಕಂಡುಬಂದಿತ್ತು, ಅಂದರೆ ಶೇ 0.035. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಅಧ್ಯಯನದ ಇನ್ನೊಂದು ಅಂಕಿ. ಸೋಂಕು ತಗುಲಿದ ಆ ಕಣ್ಣುಗಳಲ್ಲಿ ಶೇ 93ರಷ್ಟು ಕೊನೆಗೆ ಕನ್ನಡಕದ ಸಹಾಯದಿಂದ 6/12 (ಅಂದರೆ ಸಾಮಾನ್ಯ ಕಣ್ಣು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಉಳಿಸಿಕೊಂಡವು. ಶಂಕೆ ಬಂದೊಡನೆ ಪದರವನ್ನು ಎತ್ತಿ, ಅಡಿಯಿಂದ ಕೆರೆದು ತೆಗೆದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಆ ಜಾಗವನ್ನು ಆ್ಯಂಟಿಬಯೋಟಿಕ್‌ನಿಂದ ತೊಳೆಯಬೇಕು ಎಂಬುದು ಆ ವೈದ್ಯರ ಸಲಹೆ. ಹಾಗಾದರೆ ಸೋಂಕು ಬಂದದ್ದರಿಂದಲೇ ಕಣ್ಣು ಹೋಗುತ್ತದೆ ಎನ್ನುವಂತಿಲ್ಲ. ಬಂದ ಮೇಲೆ ಕಳೆದುಹೋಗುವ ದಿನಗಳು ಕಣ್ಣನ್ನು ಹಾಳುಮಾಡುತ್ತವೆ, ಮತ್ತು ಆ ದಿನಗಳು ಮಹಾನಗರದ ರೋಗಿಗಿಂತ ನಮ್ಮ ಹಳ್ಳಿಯ ರೋಗಿಗೆ ಹೆಚ್ಚಾಗಿ ಕಳೆದುಹೋಗುತ್ತಿವೆ ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ದಿನಗಳು ಹೇಗೆ ಕಳೆಯುತ್ತವೆ ಎಂಬುದಕ್ಕೆ ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಕಂಡ ಒಬ್ಬ ಹುಡುಗಿಯ ಪ್ರಕರಣವನ್ನು ಹೇಳುತ್ತೇನೆ. ಅವಳು ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಮನೆಯವಳು. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರಿಯಾಯಿತಿ ದರದ ಪ್ಯಾಕೇಜಿನಲ್ಲಿ ಎರಡೂ ಕಣ್ಣಿಗೆ ಲ್ಯಾಸಿಕ್ ಮಾಡಿಸಿಕೊಂಡು ಮೂರು ವಾರವಾಗಿತ್ತು. ಮೊದಲ ತಪಾಸಣೆಯಲ್ಲಿ ಎಲ್ಲವೂ ಸರಿಯಿತ್ತು. ಮುಂದಿನ ತಪಾಸಣೆಗೆ ಬೇರೆ ಶುಲ್ಕವಿದ್ದುದರಿಂದ ಹೋಗಿರಲಿಲ್ಲ. ಆ ಮೇಲೆ ಬಲಗಣ್ಣು ಕೆಂಪಾಗತೊಡಗಿ, ಬೆಳಕು ನೋಡಿದರೆ ನೀರು ಸುರಿಯತೊಡಗಿತು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದ ಮುಂದೆ ಕೂರಿಸಿ ನೋಡಿದಾಗ ಕಾರ್ನಿಯಾದ ನಡುವಿನಿಂದ ಸ್ವಲ್ಪ ಕೆಳಗೆ, ಮೇಲ್ಪದರದ ಅಡಿಯಲ್ಲಿ, ಒಂದು ಮಿಲಿಮೀಟರಿಗೂ ಚಿಕ್ಕದಾದ ಮಸುಕು ಬಿಳಿಯ ಚುಕ್ಕೆ. ಅದರ ಅಂಚು ಸ್ಪಷ್ಟವಿರಲಿಲ್ಲ, ಪಕ್ಕದಲ್ಲಿ ಇನ್ನೂ ಎರಡು ಸಣ್ಣ ಬಿಂದುಗಳು ಮೂಡುತ್ತಿದ್ದವು. ಏನು ಹನಿ ಹಾಕುತ್ತಿದ್ದೀಯಮ್ಮ ಎಂದು ಕೇಳಿದಾಗ ಅವಳು ಪರ್ಸಿನಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಂದು ಆಸ್ಪತ್ರೆಯದು, ಖಾಲಿಯಾಗಿತ್ತು. ಇನ್ನೊಂದು ಊರಿನ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡದ್ದು, ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಬೆರೆತದ್ದು. ಜೊತೆಗೆ ಬಂದಿದ್ದ ಅವಳ ತಂದೆ, "ಇದು ಹಾಕಿದ್ರೆ ಎರಡು ದಿನ ಕೆಂಪು ಕಮ್ಮಿಯಾಗುತ್ತೆ ಸಾರ್, ಬಿಟ್ರೆ ಮತ್ತೆ ಬರುತ್ತೆ, ಅದಕ್ಕೆ ಇನ್ನೊಂದು ಬಾಟ್ಲು ತಗೊಂಡ್ವಿ" ಎಂದರು.

ಆ ತಂದೆ ಹೇಳಿದ ಮಾತಿನಲ್ಲಿ ರೋಗದ ಲಕ್ಷಣ ಪೂರ್ತಿಯಾಗಿತ್ತು. ಸ್ಟೀರಾಯ್ಡ್ ಹನಿ ಉರಿಯೂತವನ್ನು ಅಡಗಿಸುತ್ತದೆ, ಹಾಗಾಗಿ ಕಣ್ಣು ಬೆಳ್ಳಗಾಗುತ್ತದೆ. ಆದರೆ ಸೂಕ್ಷ್ಮಾಣುವನ್ನು ಎದುರಿಸುವ ದೇಹದ ಶಕ್ತಿಯನ್ನೂ ಅದೇ ಹನಿ ಕುಗ್ಗಿಸುವುದರಿಂದ ಸೋಂಕು ಒಳಗೊಳಗೇ ಹಬ್ಬುತ್ತದೆ. ಲೇಸರ್ ಚಿಕಿತ್ಸೆಯ ನಂತರ ವೈದ್ಯರು ಒಂದೆರಡು ವಾರ ಸ್ಟೀರಾಯ್ಡ್ ಹನಿ ಬರೆಯುವುದು ಸರಿಯಾದ ಕ್ರಮವೇ, ಅದಕ್ಕೆ ಕಾರಣವಿದೆ. ಪದರದ ಅಡಿಯಲ್ಲಿ ಸೋಂಕಿಲ್ಲದೆಯೂ ಉರಿಯೂತ ಬರುವುದುಂಟು, ಅದಕ್ಕೆ ಸ್ಟೀರಾಯ್ಡೇ ಮದ್ದು. ಈ ಎರಡನ್ನು ಬೇರ್ಪಡಿಸಿ ನೋಡುವುದು ಅನುಭವಿ ತಜ್ಞರಿಗೂ ಕೆಲವೊಮ್ಮೆ ಕಷ್ಟವಾಗುತ್ತದೆ. ಹೀಗಿರುವಾಗ ಅಂಗಡಿಯ ಕಟ್ಟೆಯ ಮೇಲೆ ಯಾರೋ ತೆಗೆದುಕೊಟ್ಟ ಬಾಟಲಿಯಿಂದ ಅದು ನಿರ್ಧಾರವಾಗುವುದನ್ನು ಒಪ್ಪಲು ಸಾಧ್ಯವೇ?

ಹುಡುಗಿಯ ಕೈಯಲ್ಲಿದ್ದ ಡಿಸ್ಚಾರ್ಜ್ ಕಾಗದದಲ್ಲಿದ್ದ ನಂಬರಿಗೆ ನಾವು ಫೋನ್ ಮಾಡಿದಾಗ ಆ ಕಡೆಯವರು ನಾಲ್ಕು ದಿನದ ನಂತರದ ಅಪಾಯಿಂಟ್‌ಮೆಂಟ್ ಕೊಟ್ಟರು. ಅಷ್ಟು ದಿನ ಕಾಯುವಂತಿರಲಿಲ್ಲವಾದ್ದರಿಂದ ಅವಳನ್ನು ಅಂದೇ ಬೆಂಗಳೂರಿನ ಬೇರೊಬ್ಬ ಕಾರ್ನಿಯಾ ತಜ್ಞರಲ್ಲಿಗೆ ಕಳಿಸಲಾಯಿತು. ಅವರು ಪದರವನ್ನು ಎತ್ತಿ ಮಾದರಿ ತೆಗೆದಾಗ ಬೆಳೆದದ್ದು ಕ್ಷಯರೋಗದ ಸೂಕ್ಷ್ಮಾಣುವಿನ ದೂರದ ಬಳಗಕ್ಕೆ ಸೇರಿದ, ಕ್ಷಯ ತರದ ಒಂದು ಬಗೆಯ ಮೈಕೋಬ್ಯಾಕ್ಟೀರಿಯಾ. ತಿಂಗಳುಗಟ್ಟಲೆ ಔಷಧಿ ಹಾಕಿದ ಮೇಲೆ ಸೋಂಕು ಹೋಯಿತು. ಕಣ್ಣು ಉಳಿಯಿತು, ಆದರೆ ಕಲೆ ನಿಂತಿತು. ಯಾವ ಕನ್ನಡಕ ಬೇಡವೆಂದು ಚಿಕಿತ್ಸೆಗೆ ಹೋಗಿದ್ದಳೋ ಅದನ್ನೇ ಮತ್ತೆ ಧರಿಸಿದರೂ ಆ ಕಣ್ಣಿಗೆ ಮೊದಲಿನ ನೋಟ ಬರಲಿಲ್ಲ.

ಈ ಮೈಕೋಬ್ಯಾಕ್ಟೀರಿಯಾಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಚಿಕಿತ್ಸೆಯಾದ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುವ ಸೋಂಕು ಹೆಚ್ಚಾಗಿ ನಮ್ಮ ಚರ್ಮ ಮತ್ತು ರೆಪ್ಪೆಯ ಅಂಚಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಬಗೆಯದು. ಅದು ಕಣ್ಣನ್ನು ಬೇಗ ಕೆಂಪಾಗಿಸುತ್ತದೆ, ರೋಗಿಯೂ ಬೇಗ ಓಡಿಬರುತ್ತಾನೆ. ಎರಡು ವಾರ ಕಳೆದ ಮೇಲೆ, ಎಲ್ಲ ಸರಿಹೋಯಿತು ಎಂದುಕೊಂಡಿರುವಾಗ ತಲೆಯೆತ್ತುವುದು ಮೈಕೋಬ್ಯಾಕ್ಟೀರಿಯಾ, ಶಿಲೀಂಧ್ರ ಮುಂತಾದವು. ಮೈಕೋಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನಲ್ಲಿಯ ನೀರಿನಲ್ಲಿ, ಸರಿಯಾಗಿ ನಿರ್ವಹಣೆಯಿಲ್ಲದ ಸ್ಟೆರಿಲೈಸರಿನ ನೀರಿನ ತೊಟ್ಟಿಯಲ್ಲಿಯೂ ಬದುಕಬಲ್ಲದು. ಸಾಮಾನ್ಯ ಪ್ರಮಾಣದ ಕ್ಲೋರಿನ್ ಅದನ್ನು ಕೊಲ್ಲುವುದಿಲ್ಲ. ಅದಕ್ಕೆ ಅಮಿಕಾಸಿನ್, ಕ್ಲಾರಿಥ್ರೋಮೈಸಿನ್, ಮಾಕ್ಸಿಫ್ಲಾಕ್ಸಾಸಿನ್‌ನಂಥ ಔಷಧಿಗಳನ್ನು ಜೊತೆಗೂಡಿಸಿ ದೀರ್ಘಕಾಲ ಕೊಡಬೇಕಾಗುತ್ತದೆ. ಶಿಲೀಂಧ್ರವಾದರೆ ಮದ್ದೇ ಬೇರೆ, ನ್ಯಾಟಮೈಸಿನ್ ಅಥವಾ ವೊರಿಕೊನಜೋಲ್. ಮಾದರಿ ತೆಗೆದು ಪರೀಕ್ಷಿಸದೆ ಯಾವುದೆಂದು ತಿಳಿಯುವುದಿಲ್ಲ. ಕುರುಡಾಗಿ ಹಾಕಿದ ಹನಿ ಪರೀಕ್ಷೆಯ ಫಲಿತಾಂಶವನ್ನೂ ಕೆಡಿಸುತ್ತದೆ.

ನಮ್ಮ ಭಾಗದಲ್ಲಿ ಶಿಲೀಂಧ್ರದ ಭಯ ನಗರಕ್ಕಿಂತ ಹೆಚ್ಚು. ದಕ್ಷಿಣ ಭಾರತದ ಕೃಷಿಕರಲ್ಲಿ ಕಾರ್ನಿಯಾದ ಹುಣ್ಣಿಗೆ ಫ್ಯೂಸೇರಿಯಂ ಮತ್ತು ಆಸ್ಪರ್ಜಿಲಸ್ ಶಿಲೀಂಧ್ರಗಳು ದೊಡ್ಡ ಕಾರಣವೆಂಬುದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಎಲೆಯ ಅಂಚು ತಗುಲುವುದು, ರಾಗಿ ಒಕ್ಕಣೆಯ ಹೊಟ್ಟು ಹಾರಿ ಬೀಳುವುದು, ಟೊಮೆಟೊ ತೋಟದಲ್ಲಿ ಔಷಧಿ ಹೊಡೆಯುವಾಗ ಹನಿ ಸಿಡಿಯುವುದು, ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಎರಚುವಾಗ ಧೂಳೇಳುವುದು ಇವೆಲ್ಲ ನಮ್ಮಲ್ಲಿ ದಿನನಿತ್ಯದ ಕೆಲಸದ ಭಾಗ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಡುವ ಸೂಚನೆಗಳು ಕಂಪ್ಯೂಟರ್ ನೋಡುವುದು, ಈಜುಕೊಳ, ಜಿಮ್ ಇವುಗಳ ಬಗ್ಗೆ ಹೇಳುತ್ತವೆ. ಹುಳುಮನೆಗೆ ಎಷ್ಟು ವಾರ ಹೋಗಬಾರದು, ಬಿಚ್ಚಾಣಿಕೆಯ ಬಿಸಿನೀರಿನ ತೊಟ್ಟಿಯ ಮುಂದೆ ಕೂರಬಹುದೇ ಎಂಬುದನ್ನು ಯಾರೂ ಹೇಳುವುದಿಲ್ಲ; ರೋಗಿ ಯಾವ ಕೆಲಸ ಮಾಡುತ್ತಾನೆ ಎಂದು ಕೇಳಿದ್ದರಲ್ಲವೇ ಹೇಳುವುದು.

ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಎಂಬ ತಪ್ಪು ತಿಳಿವಳಿಕೆ ಇನ್ನೊಂದು ತೊಡಕು. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಅದು ಹಬ್ಬಿದಾಗ ಕೆಂಪಾದ ಕಣ್ಣಿಗೆಲ್ಲ ಒಂದೇ ಹನಿ ಎಂಬ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನಷ್ಟು ಗಟ್ಟಿಯಾಯಿತು. ಮದ್ರಾಸ್ ಐ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಕಾದರೆ ದೊಡ್ಡ ನಷ್ಟವಿಲ್ಲ. ಲೇಸರ್ ಆದ ಕಣ್ಣಿನಲ್ಲಿ ಕಾಯಲು ಅವಕಾಶವೇ ಇಲ್ಲ. ಕೆಂಪು, ನೀರು ಸುರಿಯುವುದು, ಬೆಳಕನ್ನು ನೋಡಲಾಗದಿರುವುದು, ಸ್ಪಷ್ಟವಾಗಿದ್ದ ನೋಟ ಮತ್ತೆ ಮಂಜಾಗುವುದು, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಾಣುವುದು ಇವುಗಳಲ್ಲಿ ಯಾವುದೊಂದು ಕಂಡರೂ, ನೋವು ಇರಲಿ ಬಿಡಲಿ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಲೇಸರ್ ಮಾಡಿಸಿಕೊಂಡ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಬೇಕು. ಹಾಕುತ್ತಿರುವ ಎಲ್ಲ ಬಾಟಲಿಗಳನ್ನೂ ಜೊತೆಗೆ ಒಯ್ಯಬೇಕು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಪನ್ನೀರು, ಜೇನು ಇವುಗಳನ್ನು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವುಗಳಲ್ಲಿ ಯಾವುದೂ ಸೂಕ್ಷ್ಮಾಣುರಹಿತವಲ್ಲ, ಗಾಯವಿರುವ ಕಣ್ಣಿಗೆ ಅವುಗಳನ್ನು ಹಾಕಲೇಬಾರದು.

ಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟಿರುವವರಿಗೂ ಕೆಲವು ಮಾತು. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ತಪಾಸಣೆಗೆ ಮುಂಚೆಯೇ, ವೈದ್ಯರು ಹೇಳಿದಷ್ಟು ದಿನ, ಅದನ್ನು ನಿಲ್ಲಿಸಿರಬೇಕು. ರೆಪ್ಪೆಯಂಚಿನಲ್ಲಿ ಹೊಟ್ಟು, ಕಣ್ಕುಟಿಗೆ ಇದ್ದರೆ ಅದು ವಾಸಿಯಾಗುವವರೆಗೆ ದಿನ ಮುಂದೂಡಬೇಕು. ನಿಶ್ಚಿತಾರ್ಥದ ದಿನಾಂಕ ಹತ್ತಿರವಿದೆ ಎಂಬುದು ಕಾರಣವಾಗಬಾರದು. ಎರಡೂ ಕಣ್ಣಿಗೆ ಒಂದೇ ದಿನ ಮಾಡುವುದಾದರೆ ಎರಡನೆಯ ಕಣ್ಣಿಗೆ ಬೇರೆ ಉಪಕರಣಗಳನ್ನು ಬಳಸುತ್ತೀರಾ ಎಂದು ಕೇಳುವ ಹಕ್ಕು ರೋಗಿಗೆ ಇದೆ, ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಕಾಡಿಗೆ, ಕಣ್ಣುಜ್ಜುವುದು, ತಲೆಗೆ ಹಾಕಿಕೊಂಡ ನೀರು ಕಣ್ಣಿಗೆ ಇಳಿಯುವುದು, ಕುಂಟೆ ಕಲ್ಯಾಣಿಗಳಲ್ಲಿ ಮುಳುಗುವುದು ಇವನ್ನೆಲ್ಲ ಕೆಲವು ವಾರ ಬಿಡಲೇಬೇಕು. ಇನ್ನು ಸರ್ಕಾರಿ ಹುದ್ದೆಗಾಗಿ ಮಾಡಿಸಿಕೊಳ್ಳುವವರು ಆಯಾ ಹುದ್ದೆಯ ನಿಯಮವನ್ನು ಮೊದಲೇ ಓದಿಕೊಳ್ಳಲಿ. ರೈಲ್ವೆಯ ಲೋಕೊ ಪೈಲಟ್‌ನಂಥ ಹುದ್ದೆಗೆ ಲೇಸರ್ ಆದ ಕಣ್ಣನ್ನು ಒಪ್ಪುವುದೇ ಇಲ್ಲ.

ಆದರೆ ಎಲ್ಲ ಎಚ್ಚರವನ್ನೂ ರೋಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಹುಡುಗಿಯ ಡಿಸ್ಚಾರ್ಜ್ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬುದು ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಕರ್ನಾಟಕದಲ್ಲಿ ನಡೆಯುವ ಆಸ್ಪತ್ರೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಡಲು ಏನು ಅಡ್ಡಿ? ಮೂರು ತಿಂಗಳವರೆಗಿನ ತಪಾಸಣೆಯ ಶುಲ್ಕ ಪ್ಯಾಕೇಜಿನಲ್ಲೇ ಸೇರಿರಬೇಕು. ಚಿಕಿತ್ಸೆಯ ದರವನ್ನು ಕಡಿಮೆ ತೋರಿಸಲು ತಪಾಸಣೆಯನ್ನು ಹೊರಗಿಡುವುದು ಎಂದರೆ ಬಡವರ ಕಣ್ಣಿನ ಮೇಲೆ ಉಳಿತಾಯ ಮಾಡಿದಂತೆ. ರಾತ್ರಿಯಾಗಲಿ ಭಾನುವಾರವಾಗಲಿ ಕರೆ ಸ್ವೀಕರಿಸಿ ಅದೇ ದಿನ ನೋಡುವ ವ್ಯವಸ್ಥೆ ಇರಬೇಕು. ಬಾಗೇಪಲ್ಲಿಯಿಂದ ನೂರು ಕಿಲೋಮೀಟರ್ ದೂರ ಬರುವವನಿಗೆ ನಾಲ್ಕು ದಿನದ ನಂತರದ ಅಪಾಯಿಂಟ್‌ಮೆಂಟ್ ಕೊಡುವುದು ಚಿಕಿತ್ಸೆ ನಿರಾಕರಿಸಿದ್ದಕ್ಕೆ ಸಮ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆದ ಲೇಸರ್ ಕೇಂದ್ರಗಳಿಗೆ ಆರೋಗ್ಯ ಇಲಾಖೆ ಈ ಮೂರು ವಿಷಯಗಳಲ್ಲಿ ಸ್ಪಷ್ಟ ಸೂಚನೆ ಹೊರಡಿಸಬೇಕು. ತೊಂದರೆಗೊಳಗಾದವರು ತಮ್ಮ ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ 2002ರಿಂದಲೇ ಇದೆ ಎಂಬುದನ್ನೂ ಓದುಗರು ತಿಳಿದಿರಲಿ.

ಔಷಧಿ ಅಂಗಡಿಗಳವರಲ್ಲಿ ನನಗೆ ಗೆಳೆಯರು ಬಹಳ ಮಂದಿ ಇದ್ದಾರೆ, ಅವರಿಗೆ ಕೆಡುಕು ಮಾಡುವ ಉದ್ದೇಶವಿಲ್ಲವೆಂದೂ ಬಲ್ಲೆ. ಗಿರಾಕಿ ಕಣ್ಣು ಕೆಂಪಾಗಿದೆ ಎಂದು ಬಂದಾಗ ಬೇಗ ಗುಣ ಕಾಣುವ ಹನಿಯನ್ನು ಕೊಡಬೇಕೆನಿಸುವುದು ಸಹಜ. ಆದರೂ ಕಣ್ಣಿನ ಸ್ಟೀರಾಯ್ಡ್ ಹನಿಗಳು ಶೆಡ್ಯೂಲ್ ಎಚ್ ಔಷಧಿಗಳು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಣ್ಣಿಗೆ ಲೇಸರ್ ಏನಾದರೂ ಮಾಡಿಸಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ಅವರು ಕೇಳಿದರೂ ಕೆಲವು ಕಣ್ಣುಗಳು ಉಳಿಯುತ್ತವೆ. ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಗಳು ಅಂಗಡಿ ತಪಾಸಣೆಗೆ ಬಂದಾಗ ಕಣ್ಣಿನ ಹನಿಗಳ ಮಾರಾಟದ ಚೀಟಿಗಳನ್ನೂ ನೋಡಲಿ.

ಸೋಂಕು ಕಾರ್ನಿಯಾದ ಆಳಕ್ಕೆ ಇಳಿದು ಕಲೆ ದಟ್ಟವಾದರೆ ಉಳಿಯುವ ದಾರಿ ಕಸಿ ಮಾತ್ರ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರು ಬಹಳ ಹೆಚ್ಚಿದರು. ಆದರೂ ಕಾಯುತ್ತಿರುವವರ ಸಾಲಿಗೆ ಹೋಲಿಸಿದರೆ ದಾನವಾಗಿ ಬರುವ ಕಣ್ಣುಗಳು ಕಡಿಮೆಯೇ. ಆ ಸಾಲಿಗೆ, ತಡೆಯಬಹುದಾಗಿದ್ದ ಕಾರಣದಿಂದ ಇಪ್ಪತ್ತರ ಹರೆಯದವರು ಬಂದು ನಿಲ್ಲುವುದನ್ನು ನೋಡಲು ನನಗೆ ಸಂಕಟವಾಗುತ್ತದೆ.

ಕೊನೆಯದಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಒಂದು ವಿನಂತಿ. ತಾಲ್ಲೂಕು ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ಹೊರರೋಗಿ ಚೀಟಿ ಬರೆಯುವಾಗಲೇ ಲೇಸರ್ ಚಿಕಿತ್ಸೆ ಆಗಿದೆಯೇ, ಯಾವಾಗ ಎಂಬುದನ್ನು ಕೇಳಿ ನಮೂದಿಸುವ ಪದ್ಧತಿ ಬರಲಿ. ಮೂರು ತಿಂಗಳೊಳಗೆ ಚಿಕಿತ್ಸೆಯಾದವರ ಕಣ್ಣು ಕೆಂಪಾಗಿದ್ದರೆ ಯಾವ ಸ್ಟೀರಾಯ್ಡ್ ಹನಿಯನ್ನೂ ಹೊಸದಾಗಿ ಬರೆಯದೆ, ಅವರನ್ನು ಸಾಲಿನಲ್ಲಿ ನಿಲ್ಲಿಸದೆ, ಚಿಕಿತ್ಸೆ ಮಾಡಿದ ವೈದ್ಯರೊಂದಿಗೆ ಅಲ್ಲಿಂದಲೇ ಮಾತನಾಡಿ, ಅವರು ಸಿಗದಿದ್ದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ಕಾರ್ನಿಯಾ ವಿಭಾಗವಿರುವ ಆಸ್ಪತ್ರೆಗೆ ಅಂದೇ ಕಳಿಸಬೇಕು ಎಂಬ ಸುತ್ತೋಲೆ ಹೊರಟರೆ ಸಾಕು. ಇದಕ್ಕೆ ಹೊಸ ಯಂತ್ರವಾಗಲಿ ಹೊಸ ಹುದ್ದೆಯಾಗಲಿ ಬೇಕಾಗಿಲ್ಲ. ಈಗಿರುವ ಸ್ಲಿಟ್ ಲ್ಯಾಂಪ್ ಮತ್ತು ಈಗಿರುವ ನೇತ್ರಾಧಿಕಾರಿಗಳಿಂದಲೇ ಮುಂದಿನ ವಾರದಿಂದ ಆರಂಭಿಸಬಹುದು.

ಇತಿ,
ನಿವೃತ್ತ ನೇತ್ರಾಧಿಕಾರಿ,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ